ಬೆಂಗಳೂರಿನಿಂದ ಮೈಸೂರಿಗೆ ಉಪ್ಪುನೀರಿನ ಟ್ಯಾಂಕ್: ಮೀನಿಗಿಂತ ಮೊದಲು ಮರಳಿನ ಯೋಚನೆ ಮಾಡಿ

ಪ್ರಶ್ನೆ: ರಾಜಾಜಿನಗರದ ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿ ನಾಲ್ಕು ವರ್ಷದಿಂದ ಒಂದು ರೀಫ್ ಅಕ್ವೇರಿಯಂ (ಹವಳವೂ ಇರುವ ಉಪ್ಪುನೀರಿನ ಟ್ಯಾಂಕ್) ಇಟ್ಟಿದ್ದೇವೆ. ಮೂರು ಅಡಿ ಉದ್ದ, ಅಗಲ ಎತ್ತರ ಎರಡೂ ಒಂದೂವರೆ ಅಡಿ, 10 ಮಿ.ಮೀ. ಗಾಜು, ಸ್ಟ್ಯಾಂಡಿನೊಳಗೆ ಸಂಪ್ (ನೀರು ಶೋಧಿಸುವ ಕೆಳ ತೊಟ್ಟಿ). ಕ್ಲೌನ್ ಮೀನು ಒಂದು ಜೋಡಿ, ಸಿಕ್ಸ್‌ಲೈನ್ ರಾಸ್ ಮೀನು ಒಂದು, ಕ್ಲೀನರ್ ಸಿಗಡಿ ಒಂದು, ಕಲ್ಲಿಗೆ ಅಂಟಿ ಕೂರುವ ಬಬಲ್‌ಟಿಪ್ ಅನಿಮೋನ್, ಜೊಯಾಂಥಸ್, ಮಶ್ರೂಮ್, ಟೋಡ್‌ಸ್ಟೂಲ್ ಲೆದರ್ ಎಂಬ ಮೆದು ಹವಳಗಳು ಇವೆ. ಎರಡು ಇಂಚು ಮರಳು, ಸುಮಾರು 20 ಕೆ.ಜಿ. ಕಲ್ಲು. ಆಷಾಢ ಕಳೆದ ಮೇಲೆ ಮೈಸೂರಿನ ಸ್ವಂತ ಮನೆಗೆ ಹೋಗುತ್ತಿದ್ದೇವೆ. ಸಾಮಾನು ಸಾಗಿಸುವವರು ‘ಅರ್ಧ ನೀರು ಬಿಟ್ಟು ಹಾಗೇ ಎತ್ತಿಕೊಂಡು ಹೋಗೋಣ’ ಅನ್ನುತ್ತಿದ್ದಾರೆ. ಸರಿಯೇ? ಹಳೇ ನೀರನ್ನೆಲ್ಲ ಒಯ್ಯಬೇಕೇ? ಒಂದೇ ದಿನದಲ್ಲಿ ಮುಗಿಯುವ ಕೆಲಸವೇ?

ಉತ್ತರ: ಅರ್ಧ ನೀರಿನ ಮಾತನ್ನು ಇವತ್ತೇ ಕೈಬಿಡಿ. ನಿಮ್ಮ ಟ್ಯಾಂಕಿನ ಗಾಜೇ ಸುಮಾರು 40 ಕೆ.ಜಿ. ತೂಗುತ್ತದೆ. ಅರ್ಧ ನೀರು 90, ಒದ್ದೆ ಮರಳು 30, ಕಲ್ಲು 20 ಸೇರಿದರೆ 180 ಕೆ.ಜಿ. ಅದನ್ನು ಮೂರು ಮಹಡಿ ಇಳಿಸುವುದು ಹೇಗೋ ಆಯಿತು ಅಂದುಕೊಂಡರೂ ಗಾಡಿಯಲ್ಲಿ ಪ್ರತಿ ಹಂಪಿಗೂ ನೀರು ಒಂದು ಬದಿಗೆ ನುಗ್ಗುತ್ತದೆ, ತಳದ ಗಾಜು ತಿರುಚಿಕೊಳ್ಳುತ್ತದೆ. ಸಿಲಿಕೋನ್ ಬೆಸುಗೆ ಇರುವುದು ನಿಂತ ನೀರು ಹೊರಕ್ಕೆ ಸಮವಾಗಿ ಒತ್ತುವುದನ್ನು ತಾಳಿಕೊಳ್ಳಲು. ತಿರುಚುವ ಬಲಕ್ಕೆ ಅದು ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿಟ್ಟುಕೊಂಡರೂ ಸಾಕು. ಅದು ಆ ದಿನ ಗೊತ್ತಾಗುವುದಿಲ್ಲ, ಹೊಸ ಮನೆಯ ನೆಲ ಒದ್ದೆಯಾದಾಗ ಗೊತ್ತಾಗುತ್ತದೆ. ಟ್ಯಾಂಕ್ ಪೂರ್ತಿ ಖಾಲಿಯಾಗಿಯೇ ಹೋಗಬೇಕು.

ಸಾಗಿಸುವ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ಆದರೆ ಅದರ ತಯಾರಿ ನಾಲ್ಕು ವಾರ ಮೊದಲೇ ಶುರುವಾಗಬೇಕು. ಕಾರಣ ಇಷ್ಟೇ: ಇಂಥ ಸಾಗಾಟದಲ್ಲಿ ಮೀನು ದಾರಿಯಲ್ಲಿ ಸಾಯುವುದು ಅಪರೂಪ. ಸಾಯುವುದು ಹೊಸ ಮನೆ ಸೇರಿ ಎರಡು ಮೂರು ದಿನ ಕಳೆದ ಮೇಲೆ. ಎಲ್ಲ ಮತ್ತೆ ಜೋಡಿಸಿ, ನೀರು ತಿಳಿಯಾಗಿ, ‘ಅಬ್ಬಾ ಮುಗೀತು’ ಅನ್ನುವ ಹೊತ್ತಿಗೆ ಮೀನು ಮೇಲೆ ಬಂದು ಬಾಯಿ ಬಡಿಯಲು ಶುರುಮಾಡುತ್ತದೆ. ಅದಕ್ಕೆ ಕಾರಣ ಹತ್ತಕ್ಕೆ ಒಂಬತ್ತು ಸಲ ಹಳೇ ಮರಳು.

ನಾಲ್ಕು ವರ್ಷ ಮೀನು ಹಾಕಿದ ಹಿಕ್ಕೆ, ತಿನ್ನದೆ ಉಳಿದ ಆಹಾರ, ಸತ್ತ ಪಾಚಿ ಎಲ್ಲ ಮರಳಿನ ಸಂದಿಯಲ್ಲಿ ಇಳಿದು ಕೂತಿರುತ್ತದೆ. ಗಾಜಿಗೆ ಅಂಟಿದ ಮರಳಿನ ಕೆಳಪದರವನ್ನು ಟಾರ್ಚ್ ಹಿಡಿದು ನೋಡಿ. ಬೂದು ಅಥವಾ ಕಪ್ಪು ತೇಪೆ ಕಂಡರೆ ಅಲ್ಲಿ ಆಮ್ಲಜನಕ ಇಲ್ಲ, ಹೈಡ್ರೋಜನ್ ಸಲ್ಫೈಡ್ ಇದೆ. ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಮುಟ್ಟದೆ ಬಿಟ್ಟರೆ ಅದರಿಂದ ತೊಂದರೆ ಇಲ್ಲ. ಒಂದೇ ಸಲ ಬಾಚಿ ತೆಗೆದು ಹೊಸ ಮನೆಯಲ್ಲಿ ಹಾಗೇ ಸುರಿದರೆ ಅಮೋನಿಯಾ, ಸಲ್ಫೈಡ್, ಫಾಸ್ಫೇಟ್ ಮೂರೂ ಒಟ್ಟಿಗೆ ನೀರಿಗೆ ಇಳಿಯುತ್ತವೆ.

ಹಾಗಾಗಿ ಹೊರಡುವ ನಾಲ್ಕು ವಾರ ಮೊದಲಿನಿಂದಲೇ ಮರಳನ್ನು ಹೊರಗೆ ತೆಗೆಯುತ್ತ ಬನ್ನಿ. ಮೊದಲ ವಾರ ಎಡಗಡೆಯ ಒಂದು ಅಡಿ, ಎರಡನೇ ವಾರ ನಡುವಿನದು, ಮೂರನೇ ವಾರ ಬಲಗಡೆಯದು. ಮುಕ್ಕಾಲು ಇಂಚಿನ ಪೈಪನ್ನು ಮರಳಿಗೆ ತಾಗಿಸಿ ಸೈಫನ್ ಮಾಡಿದರೆ ಮರಳೂ ಕೊಳೆಯೂ ನೀರಿನೊಂದಿಗೆ ಬಕೆಟ್ಟಿಗೆ ಬಂದು ಬೀಳುತ್ತವೆ, ಟ್ಯಾಂಕ್ ಕದಡುವುದಿಲ್ಲ. ಒಂದು ಸಲಕ್ಕೆ 15ರಿಂದ 20 ಲೀಟರ್ ನೀರು ಹೋಗುತ್ತದೆ, ಅಷ್ಟೇ ಹೊಸ ಉಪ್ಪುನೀರು ಹಾಕಿ. ವಾರದ ನೀರು ಬದಲಿಸುವ ಕೆಲಸವೂ ಅದರಲ್ಲೇ ಆಯಿತು. ಕಲ್ಲಿನ ಕೆಳಗೆ ಸಿಕ್ಕಿಕೊಂಡ ಮರಳನ್ನು ಸಾಗಿಸುವ ದಿನಕ್ಕೇ ಬಿಡಿ. ವಾರಕ್ಕೆ ಮೂರರಲ್ಲಿ ಒಂದು ಪಾಲು ಮಾತ್ರ ಅನ್ನುವುದಕ್ಕೂ ಕಾರಣವಿದೆ: ಮರಳಿನಲ್ಲೂ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇವೆ. ನಿಧಾನವಾಗಿ ತೆಗೆದರೆ ಕಲ್ಲಿನ ಮೇಲಿನ ಬ್ಯಾಕ್ಟೀರಿಯಾ ಬೆಳೆದು ಆ ಕೆಲಸವನ್ನೂ ವಹಿಸಿಕೊಳ್ಳುತ್ತವೆ.

ಹೊಸ ಮನೆಗೆ ಹೊಸ ಅರಾಗೊನೈಟ್ (ಅಕ್ವೇರಿಯಂಗೆಂದೇ ಸಿಗುವ ಸುಣ್ಣದಂಶದ) ಮರಳು ಕೊಳ್ಳಿ. ಒಂದು ಇಂಚು ಹರಡಲು ನಿಮ್ಮ ಟ್ಯಾಂಕಿಗೆ 15 ಕೆ.ಜಿ. ಸಾಕು. ಕಟ್ಟಡದ ಹೊಳೆಮರಳು, ಎಂ-ಸ್ಯಾಂಡ್ ಎರಡೂ ಬೇಡ. ದುಡ್ಡು ಉಳಿಸಲು ಹಳೇ ಮರಳೇ ಬೇಕು ಅಂದರೆ ನಲ್ಲಿ ನೀರಿನಲ್ಲಿ ಅಕ್ಕಿ ತೊಳೆದಂತೆ ತೊಳೆಯಿರಿ. ಬಕೆಟ್ಟಿನ ತಳದ ಮರಳು ಮೇಲಿನಿಂದ ಸ್ಪಷ್ಟವಾಗಿ ಕಾಣುವವರೆಗೆ, ಅಂದರೆ ಹತ್ತು ಹದಿನೈದು ಸಲ. ಕೊನೆಯ ತೊಳೆತ ಆರ್‌ಒ ನೀರಿನಲ್ಲಿ. ‘ಬ್ಯಾಕ್ಟೀರಿಯಾ ಸಾಯುತ್ತವಲ್ಲ’ ಎಂದು ಅರೆಬರೆ ತೊಳೆಯುವುದು ಎಲ್ಲಕ್ಕಿಂತ ಕೆಟ್ಟದ್ದು.

ಇನ್ನು ನೀರು. ಹಳೇ ನೀರಿನಲ್ಲೇ ಬ್ಯಾಕ್ಟೀರಿಯಾ ಇವೆ ಅನ್ನುವ ನಂಬಿಕೆಯಿಂದ ಜನ ಕೊನೆಯ ಹನಿಯವರೆಗೂ ಹೊತ್ತುಕೊಂಡು ಹೋಗುತ್ತಾರೆ. ಅವು ಇರುವುದು ಕಲ್ಲು, ಸಂಪಿನ ಸೆರಾಮಿಕ್ ಉಂಗುರ, ಗಾಜು, ಪೈಪಿನ ಒಳಮೈ ಇಂಥ ಕಡೆ ಅಂಟಿಕೊಂಡು. ತೇಲುವ ನೀರಿನಲ್ಲಿ ಇರುವುದು ತೀರಾ ಕಡಿಮೆ. ಹಳೇ ನೀರಿನ ಲಾಭ ಬೇರೆ: ಪ್ರಾಣಿಗಳಿಗೆ ಉಪ್ಪಿನ ಅಂಶ, ಕ್ಷಾರೀಯತೆ ಒಮ್ಮೆಲೇ ಬದಲಾಗುವುದಿಲ್ಲ. ನಿಮ್ಮ ಟ್ಯಾಂಕ್ ಮತ್ತು ಸಂಪ್ ಸೇರಿ ನಿಜವಾದ ನೀರು 190 ಲೀಟರ್ ಆಸುಪಾಸು ಇರುತ್ತದೆ. ಅದರಲ್ಲಿ 100 ಲೀಟರ್ ಹಳೆಯದು, ಐದು 20 ಲೀಟರಿನ ಕ್ಯಾನ್. ಉಳಿದದ್ದು ಮೈಸೂರಿನಲ್ಲಿ ಮೊದಲೇ ಸಿದ್ಧವಾಗಿರಬೇಕು. 90 ಬೇಕಾದ ಕಡೆ 140 ಲೀಟರ್ ಮಾಡಿಡಿ, ಹೆಚ್ಚಿನ 50 ಆಪತ್ತಿಗೆ. ಲೀಟರಿಗೆ 37 ಗ್ರಾಂ ಲೆಕ್ಕದಲ್ಲಿ 140 ಲೀಟರಿಗೆ ಸುಮಾರು 5.2 ಕೆ.ಜಿ. ಸಿಂಥೆಟಿಕ್ ಸಮುದ್ರ ಉಪ್ಪು.

ಗೃಹಪ್ರವೇಶ ಮುಗಿಸಿ ಬೀಗ ಹಾಕಿ ಬರುವ ದಿನವೇ ಆರ್‌ಒ-ಡಿಐ ಘಟಕವನ್ನು (ನೀರಿನ ಲವಣವನ್ನೆಲ್ಲ ತೆಗೆಯುವ ಶೋಧಕ) ಅಲ್ಲಿ ಜೋಡಿಸಿ ಡ್ರಮ್ ತುಂಬಿಸಿಕೊಳ್ಳಬಹುದು. ಅಡುಗೆಮನೆಯ ಆರ್‌ಒ ಯಂತ್ರದ ನೀರು ನೇರ ಬೇಡ, ಅದರಲ್ಲಿ ಟಿಡಿಎಸ್ (ಕರಗಿದ ಲವಣ) ಉಳಿದೇ ಇರುತ್ತದೆ. ಎಷ್ಟೋ ಯಂತ್ರಗಳು ರುಚಿಗೆಂದು ಖನಿಜವನ್ನು ಮತ್ತೆ ಸೇರಿಸುತ್ತವೆ. ಟಿಡಿಎಸ್ ಮೀಟರ್ 0 ತೋರಿಸಬೇಕು. ಮನೆ ಮುಂದಿನ ಸಂಪಿನ ನೀರನ್ನು ಟ್ಯಾಂಕಿನ ಸಂಪಿಗೆ ಹಾಕಿದರೆ ಹೆಸರೊಂದೇ ಅನ್ನುವುದು ಬಿಟ್ಟರೆ ಲಾಭ ಏನೂ ಇಲ್ಲ. ಡ್ರಮ್ ಫುಡ್‌ಗ್ರೇಡ್ ಇರಲಿ, ಹಿಂದೆ ರಾಸಾಯನಿಕ ತುಂಬಿದ್ದ ನೀಲಿ ಡ್ರಮ್ ಎಷ್ಟು ತೊಳೆದರೂ ಬೇಡ. ಉಪ್ಪು ಕಲಸುವುದು ಹೊರಡುವ ಹಿಂದಿನ ದಿನವಾದರೂ ಆಗಬೇಕು. ಒಳಗೊಂದು ಪಂಪ್, ಒಂದು ಹೀಟರ್ ಹಾಕಿ 24 ಗಂಟೆ ತಿರುಗಲು ಬಿಡಿ. ಉಪ್ಪಿನ ಅಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಆರ್‌ಒ ನೀರಿನಿಂದ ಸೊನ್ನೆಗೆ ತಂದು ನಂಬಬೇಡಿ, 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು) ಪರೀಕ್ಷಾ ದ್ರಾವಣದಿಂದ ಸರಿಮಾಡಿಕೊಳ್ಳಿ. ಗುರಿ ಸಾಪೇಕ್ಷ ಸಾಂದ್ರತೆ 1.025. ನಿಮ್ಮ ಹಳೇ ಟ್ಯಾಂಕ್ 1.023ರಲ್ಲಿ ಓಡುತ್ತಿದ್ದರೆ ಹೊಸ ನೀರನ್ನೂ 1.023ಕ್ಕೇ ಮಾಡಿ. ಉಪ್ಪು ಏರಿಸುವ ಕೆಲಸ ಆಮೇಲೆ, ವಾರಗಟ್ಟಲೆ ಸಮಯ ತೆಗೆದುಕೊಂಡು.

ಹೊಸ ಮನೆಯ ಬಗ್ಗೆ ಒಂದು ಎಚ್ಚರಿಕೆ ಜೋರಾಗಿಯೇ ಹೇಳಬೇಕು. ಮನೆ ಸೇರುವ ಮೊದಲು ಜಿರಳೆ, ಗೆದ್ದಲು ಔಷಧಿ ಹೊಡೆಸುವುದು ನಮ್ಮಲ್ಲಿ ರೂಢಿ. ಅದರಲ್ಲಿ ಹೆಚ್ಚಾಗಿ ಇರುವ ಪೈರೆಥ್ರಾಯ್ಡ್ ವರ್ಗದ ವಿಷ ಸಿಗಡಿ, ಏಡಿಗಳಿಗೆ ಅತ್ಯಲ್ಪ ಪ್ರಮಾಣದಲ್ಲೂ ಮಾರಕ, ಮೀನಿಗೂ ಕೆಟ್ಟದ್ದು. ಟ್ಯಾಂಕ್ ಇಡುವ ಕೋಣೆಗೆ ಸ್ಪ್ರೇ ಬೇಡವೆಂದು ಬಾಯಿಬಿಟ್ಟು ಹೇಳಿ, ಅಲ್ಲಿ ಜೆಲ್ ಹಾಕಿಸಿ. ಪೇಂಟಿನ ವಾಸನೆ ಹೋಗಿರಬೇಕು. ಗೃಹಪ್ರವೇಶದ ಹೋಮ, ಟ್ಯಾಂಕ್ ಮನೆಗೆ ಬರುವ ಮೊದಲೇ ಮುಗಿದು ಹೊಗೆ ಹೋಗಿರಬೇಕು, ಏಕೆಂದರೆ ಪ್ರೋಟೀನ್ ಸ್ಕಿಮ್ಮರ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುವ ಯಂತ್ರ. ಹಿಂದಿನ ದಿನ ಕಲಸಿಟ್ಟ ನೀರಿಗೂ ಮುಚ್ಚಳ ಇರಲಿ.

ಜಾಗ ಆರಿಸುವಾಗ ತುಂಬಿದ ಟ್ಯಾಂಕ್, ಸಂಪ್, ಸ್ಟ್ಯಾಂಡ್ ಸೇರಿ 350 ಕೆ.ಜಿ. ಹತ್ತಿರ ಆಗುತ್ತದೆಂದು ನೆನಪಿಡಿ. ಮೇಲಿನ ಮಹಡಿಯಾದರೆ ಕೋಣೆಯ ನಡುವೆ ಬೇಡ, ಬೀಮ್ ಇರುವ ಗೋಡೆಗೆ ಒರಗಿಸಿ. ಕಿಟಕಿಯ ನೇರ ಬಿಸಿಲು ಬೇಡ. ನೀರು ತಂಪಿಸುವ ಚಿಲ್ಲರ್ ಇದ್ದರೆ ಅದಕ್ಕೆ ಬೇರೆಯೇ ಒಂದು 15 ಆಂಪ್ ಸಾಕೆಟ್. ಇನ್ವರ್ಟರ್ ಲೈನಿನಿಂದ ಒಂದು ಪಾಯಿಂಟ್ ಸ್ಟ್ಯಾಂಡಿನ ಪಕ್ಕಕ್ಕೆ ತಂದರೆ ಕರೆಂಟ್ ಹೋದಾಗ 10 ವ್ಯಾಟಿನ ಪವರ್‌ಹೆಡ್ (ಟ್ಯಾಂಕಿನ ನೀರು ಕಲಕುವ ಪಂಪ್) ರಾತ್ರಿಯಿಡೀ ತಿರುಗುತ್ತದೆ. ಆಮ್ಲಜನಕಕ್ಕೆ ಅಷ್ಟು ಸಾಕು. ಹೊಸ ಮನೆಗಳಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಸಾಮಾನ್ಯವಾಗಿ ಇರುತ್ತದೆ. ಹಳೇ ಮನೆಯಲ್ಲಿ ಏನೂ ಆಗದೆ ಓಡುತ್ತಿದ್ದ ಬಿರುಕುಬಿಟ್ಟ ಹೀಟರ್ ಇಲ್ಲಿ ಇಡೀ ಮನೆಯ ಕರೆಂಟ್ ಬೀಳಿಸುತ್ತದೆ. ಹಾಗೆ ಬಿದ್ದರೆ ಆರ್‌ಸಿಸಿಬಿಯನ್ನು ಬೈಯಬೇಡಿ, ಹೀಟರ್ ಬದಲಿಸಿ.

ಹೊರಡುವ 36 ಗಂಟೆ ಮೊದಲು ಮೀನಿಗೆ ಆಹಾರ ನಿಲ್ಲಿಸಿ, ಅನಿಮೋನ್‌ಗೆ ನಾಲ್ಕು ದಿನ ಮೊದಲು. ಅರೆ ಜೀರ್ಣವಾದದ್ದನ್ನು ಅದು ಚೀಲದೊಳಗೇ ಕಕ್ಕಿಬಿಡುತ್ತದೆ. ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: 60 ಲೀಟರಿನ ಮುಚ್ಚಳವಿರುವ ಪ್ಲಾಸ್ಟಿಕ್ ಟಬ್ ಎರಡು (ಕಲ್ಲಿಗೆ), 20 ಲೀಟರಿನ ಮುಚ್ಚಳದ ಬಕೆಟ್ ಮೂರು, ಬ್ಯಾಟರಿ ಏರ್‌ಪಂಪ್ ಮೂರು ಮತ್ತು ಹೆಚ್ಚಿನ ಸೆಲ್, ದಪ್ಪ ಪಾಲಿಥೀನ್ ಚೀಲ, ರಬ್ಬರ್ ಬ್ಯಾಂಡ್, ಥರ್ಮಾಕೋಲ್ ಪೆಟ್ಟಿಗೆ, ಅಮೋನಿಯಾ ಟೆಸ್ಟ್ ಕಿಟ್, ಅಮೋನಿಯಾ ಕಟ್ಟಿಹಾಕುವ ದ್ರಾವಣ, 200 ಗ್ರಾಂ ಆಕ್ಟಿವೇಟೆಡ್ ಕಾರ್ಬನ್, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಹಳೇ ಟವೆಲ್ ಒಂದು ರಾಶಿ. ಟವೆಲ್ ಎಷ್ಟಿದ್ದರೂ ಸಾಲದು.

ಬೆಳಗ್ಗೆ ಬಿಚ್ಚುವ ಕ್ರಮ ಹೀಗೆ. ಮೊದಲು ಕಲ್ಲಿನ ಜೋಡಣೆಯ ಫೋಟೋ, ಮುಂದಿನಿಂದ ಮತ್ತು ಎರಡೂ ಬದಿಯಿಂದ. ಲೈಟ್ ಹಾಕಬೇಡಿ, ಹವಳಗಳು ಮುದುಡಿಕೊಂಡೇ ಇರಲಿ. ಏನನ್ನೂ ಮುಟ್ಟುವ ಮೊದಲು ಮೇಲಿನ ತಿಳಿನೀರನ್ನು ಕ್ಯಾನುಗಳಿಗೆ ತೆಗೆಯಿರಿ. ಕೈ ಹಾಕಿದ ಮೇಲೆ ಬರುವುದೆಲ್ಲ ಕದಡಿದ ನೀರು. ಉಳಿದ ನೀರಿನ ಒಂದು ಪಾಲು ಟಬ್‌ಗಳಿಗೆ, ಒಂದು ಪಾಲು ಮೀನಿನ ಬಕೆಟ್ಟಿಗೆ. ಆಮೇಲೆ ಬಿಡಿ ಹವಳಗಳು, ಆಮೇಲೆ ಕಲ್ಲು. ಮೀನು ಹಿಡಿಯುವುದು ಕೊನೆಗೆ, ಕಲ್ಲೆಲ್ಲ ಹೊರಬಂದು ನೀರು ಗೇಣುದ್ದ ಉಳಿದಾಗ. ಮೊದಲೇ ಬಲೆ ಹಿಡಿದು ಅಟ್ಟಿಸಿಕೊಂಡು ಹೋದರೆ ರಾಸ್ ಕಲ್ಲಿನ ಬಿಲದೊಳಗೆ ಸೇರಿಕೊಂಡು ನಿಮ್ಮ ಎರಡು ಗಂಟೆ ತಿನ್ನುತ್ತದೆ. ಪ್ರತಿ ಕಲ್ಲನ್ನೂ ಟಬ್ಬಿಗೆ ಇಡುವ ಮೊದಲು ಎಣಿಸಿ, ಸಂದಿಗಳನ್ನು ನೋಡಿ. ಸಿಗಡಿ ಎಲ್ಲಾದರೂ ಕಾಲು ಚಾಚಿ ಕೂತಿರಬಹುದು.

ಕಲ್ಲು ಪೂರ್ತಿ ನೀರಿನಲ್ಲಿ ಮುಳುಗಿರಬೇಕು. ಒದ್ದೆ ಪೇಪರಿನಲ್ಲಿ ಸುತ್ತಿದರೂ ಬ್ಯಾಕ್ಟೀರಿಯಾ ಕೆಲವು ಗಂಟೆ ಉಳಿಯುತ್ತವೆ ನಿಜ. ಆದರೆ ಕಲ್ಲಿನ ಅಡಿಯಲ್ಲಿ ಬೆಳೆದ ಸ್ಪಂಜು ಗಾಳಿಗೆ ಬಂದರೆ ಸಾಯುತ್ತದೆ, ಹೊಸ ಟ್ಯಾಂಕಿನಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಸಂಪಿನ ಸೆರಾಮಿಕ್ ಉಂಗುರಗಳೂ ಅದೇ ಟಬ್ಬಿಗೆ. ಅವನ್ನು ನಲ್ಲಿ ನೀರಿನಲ್ಲಿ ತೊಳೆದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ.

ಅನಿಮೋನ್ ಕೂತಿರುವ ಕಲ್ಲು ಚಿಕ್ಕದಾದರೆ ಕಲ್ಲಿನ ಸಮೇತ ಒಂದು ಪ್ರತ್ಯೇಕ ಚೀಲಕ್ಕೆ. ದೊಡ್ಡ ಕಲ್ಲಿನ ಸೀಳಿನಲ್ಲಿ ಪಾದ ಊರಿದ್ದರೆ ಎಳೆಯಬೇಡಿ. ಪಾದ ಹರಿದರೆ ಉಳಿಯುವುದು ಕಷ್ಟ. ಪಾದದ ಅಂಚಿಗೆ ಚೀಲದಲ್ಲಿ ಸುತ್ತಿದ ಮಂಜುಗಡ್ಡೆ ತಾಗಿಸಿ ಕಾಯಿರಿ, ತಾನಾಗಿ ಹಿಡಿತ ಸಡಿಲಿಸುತ್ತದೆ. ಟೋಡ್‌ಸ್ಟೂಲ್ ಲೆದರ್ ಬೆದರಿದಾಗ ವಿಷಕಾರಿ ಲೋಳೆ ಬಿಡುತ್ತದೆ. ಅದಕ್ಕೂ ಬೇರೆ ಚೀಲ, ಮತ್ತು ಆ ಚೀಲದ ನೀರನ್ನು ಹೊಸ ಟ್ಯಾಂಕಿಗೆ ಹಾಕಬಾರದು. ಜೊಯಾಂಥಸ್ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಈ ಗುಂಪಿನ ಕೆಲವು ಜಾತಿಗಳಲ್ಲಿರುವ ಪ್ಯಾಲಿಟಾಕ್ಸಿನ್ ಮನುಷ್ಯರಿಗೂ ಅಪಾಯಕಾರಿ. ಗ್ಲೌಸ್, ಕನ್ನಡಕ ಹಾಕಿಕೊಂಡೇ ಎತ್ತಿ. ಬ್ರಷ್ ಹಾಕಿ ಉಜ್ಜಬೇಡಿ, ಅಂಥ ಕಲ್ಲಿಗೆ ಬಿಸಿನೀರು ಸುರಿಯಲೇಬೇಡಿ, ಅದರ ಆವಿಯೂ ವಿಷ. ಮಕ್ಕಳು ಆ ಕೋಣೆಯಲ್ಲಿ ಇರುವುದು ಬೇಡ.

ಕಾನೂನಿನ ಮಾತೊಂದು, ಏಕೆಂದರೆ ನೀವು ಹೆದ್ದಾರಿಯಲ್ಲಿ ಹೋಗುವವರು. ಕಲ್ಲುಹವಳಗಳೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ ಸೇರಿವೆ. ಕಡಲಸೌತೆ, ಕಡಲಕುದುರೆಗಳೂ ಹಾಗೇ. ನಿಮ್ಮ ಪಟ್ಟಿಯಲ್ಲಿ ಅವು ಇಲ್ಲ. ಕಲ್ಲು ಮಾತ್ರ ಸಮುದ್ರದ ಹವಳದ ಕಲ್ಲೇ, ಕಾರ್ಖಾನೆಯಲ್ಲಿ ಮಾಡಿದ್ದೇ ಎಂಬುದಕ್ಕೆ ಕೊಂಡ ಬಿಲ್ ಹುಡುಕಿ ಜೊತೆಗಿಟ್ಟುಕೊಳ್ಳಿ.

ಜೀವ ಇರುವುದೆಲ್ಲ ಕಾರಿನಲ್ಲಿ, ಗಾಜು ಮರ ಎಲ್ಲ ಲಾರಿಯಲ್ಲಿ. ಕ್ಲೌನ್ ಜೋಡಿ ಒಂದು ಬಕೆಟ್, ರಾಸ್ ಇನ್ನೊಂದು, ಸಿಗಡಿ ಮತ್ತೊಂದು. ಪ್ರತಿಯೊಂದಕ್ಕೂ 10ರಿಂದ 12 ಲೀಟರ್ ನೀರು, ಏರ್‌ಪಂಪ್, ಮುಚ್ಚಳ. ರಾಸ್ ಹಾರುವ ಜಾತಿ, ಮುಚ್ಚಳದಲ್ಲಿ ಏರ್ ಪೈಪಿಗೆ ಬೇಕಾದಷ್ಟೇ ತೂತು ಮಾಡಿ. ಮೂರು ಗಂಟೆಯ ದಾರಿಗೆ ಆಕ್ಸಿಜನ್ ಚೀಲಕ್ಕಿಂತ ಬಕೆಟ್ಟೇ ವಾಸಿ, ಕಾರಣ ಮುಂದೆ ಹೇಳುತ್ತೇನೆ. ಶ್ರಾವಣದಲ್ಲಿ ಸೆಖೆಗಿಂತ ಚಳಿಯ ಭಯವೇ ಹೆಚ್ಚು: ಅಭ್ಯಾಸಬಲದಿಂದ ಕಾರಿನ ಎಸಿಯನ್ನು 20ಕ್ಕೆ ಇಡಬೇಡಿ, 25ರಲ್ಲಿರಲಿ.

ಖಾಲಿ ಟ್ಯಾಂಕ್ ತನ್ನ ತಳದ ಮೇಲೇ ನಿಂತು ಪ್ರಯಾಣ ಮಾಡಬೇಕು, ಮಲಗಿಸಬಾರದು. ಕೆಳಗೆ ಒಂದು ಇಂಚಿನ ಥರ್ಮಾಕೋಲ್ ಅಥವಾ ಹಾಸಿಗೆ. ಎತ್ತುವಾಗ ತಳಕ್ಕೆ ಕೈಕೊಡಬೇಕು. ಮೇಲಿನ ಗಾಜಿನ ಪಟ್ಟಿ ಹಿಡಿಕೆಯಲ್ಲ. ಒಳಗೆ ಪಂಪು, ಪಾತ್ರೆ ತುಂಬಿಸಿ ಜಾಗ ಉಳಿಸುವ ಉಪಾಯ ಬೇಡ.

ಮೈಸೂರಿನಲ್ಲಿ ಮೊದಲ ಕೆಲಸ ಸ್ಟ್ಯಾಂಡ್. ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ. ಟೈಲ್ಸ್ ನೆಲ ಕಣ್ಣಿಗೆ ಸಮ ಕಂಡರೂ ನೀರು ಬಚ್ಚಲ ಕಡೆ ಹರಿಯಲೆಂದು ಇಳಿಜಾರು ಕೊಟ್ಟಿರಬಹುದು. ಸ್ಟ್ಯಾಂಡಿನ ಕಾಲಿಗೆ ಪ್ಲಾಸ್ಟಿಕ್ ಪಟ್ಟಿ ಕೊಟ್ಟು ಸರಿಮಾಡಿ, ಟ್ಯಾಂಕ್ ಮತ್ತು ಸ್ಟ್ಯಾಂಡ್ ನಡುವೆ ತುಂಡು ಕೊಡಬೇಡಿ. ಅಲ್ಲಿ 10 ಮಿ.ಮೀ. ಥರ್ಮಾಕೋಲ್ ಹಾಳೆ ಪೂರ್ತಿ ಹಾಸಿರಬೇಕು. ಒಣ ಮರಳನ್ನು ತೊಳೆದು ಹರಡಿ, ಮೇಲೊಂದು ಊಟದ ತಟ್ಟೆ ಇಟ್ಟು, ನೀರನ್ನು ತಟ್ಟೆಯ ಮೇಲೆ ಬಿಡಿ. ಕಾಲು ಭಾಗ ತುಂಬಿದಾಗ ನಿಲ್ಲಿಸಿ, ಎಲ್ಲ ಬೆಸುಗೆಯ ಉದ್ದಕ್ಕೂ ಟಿಶ್ಯೂ ಕಾಗದ ಒತ್ತಿ 20 ನಿಮಿಷ ಬಿಡಿ. ಕಾಗದ ಒಣಗಿಯೇ ಇದ್ದರೆ ಮುಂದುವರಿಯಿರಿ. ಆಮೇಲೆ ಕಲ್ಲು, ಆಮೇಲೆ ಉಳಿದ ನೀರು. ಟಬ್ಬಿನ ತಳದ ಕೆಸರು ನೀರು ಚರಂಡಿಗೆ.

ಸಂಪಿನಿಂದ ನೀರನ್ನು ಟ್ಯಾಂಕಿಗೆ ಎತ್ತುವ ರಿಟರ್ನ್ ಪಂಪ್ ಹಾಕಿದ ತಕ್ಷಣ ಸಂಪನ್ನು ಕಂಠಮಟ್ಟ ತುಂಬಿಸಬೇಡಿ. ಪಂಪ್ ಹತ್ತು ನಿಮಿಷ ಓಡಲಿ, ಬೇಕೆಂದೇ ಸ್ವಿಚ್ ಆರಿಸಿ. ಮೇಲಿನ ಪೈಪಿನ ಬಾಯಿ ಗಾಳಿ ಎಳೆದುಕೊಳ್ಳುವವರೆಗೆ ನೀರು ಹಿಮ್ಮುಖವಾಗಿ ಕೆಳಗಿಳಿಯುತ್ತಲೇ ಇರುತ್ತದೆ. ಅದು ನಿಂತಾಗ ಸಂಪಿನಲ್ಲಿ ಇನ್ನೂ ಎರಡು ಇಂಚು ಜಾಗ ಉಳಿದಿರಬೇಕು. ಪಂಪ್ ಓಡುವಾಗಿನ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಹಳೇ ಮನೆಯ ಗೆರೆ ಇಲ್ಲಿಗೆ ಸರಿಹೊಂದುವುದಿಲ್ಲ, ಪೈಪಿನ ಬಾಯಿ ಅರ್ಧ ಇಂಚು ಕೆಳಗೆ ಕೂತರೂ ಮೂರು ಅಡಿ ಟ್ಯಾಂಕಿನಲ್ಲಿ ಅದು ಐದು ಲೀಟರ್.

ನೀರು 25-26 ಡಿಗ್ರಿಗೆ ಬಂದು, ಉಪ್ಪು ಹೊಂದಿ, ಒಂದೆರಡು ಗಂಟೆ ತಿರುಗಿದ ಮೇಲೆ ಅಮೋನಿಯಾ ನೋಡಿ. ಸೊನ್ನೆ ಇದ್ದರೆ ಹವಳ, ಸಿಗಡಿ, ಮೀನು ಈ ಕ್ರಮದಲ್ಲಿ ಬಿಡಿ. ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬೆರೆಸುತ್ತ ಕೂರುವ ಅಗತ್ಯವಿಲ್ಲ, ಉಪ್ಪು ಒಂದೇ ಆಗಿರುವಾಗ ಉಷ್ಣತೆ ಹೊಂದಿದರೆ ಸಾಕು. ಬಿಗಿಯಾಗಿ ಕಟ್ಟಿದ ಚೀಲದಲ್ಲಿ ಮೀನು ಉಸಿರಾಡಿದ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ, ಆದ್ದರಿಂದ ಅಮೋನಿಯಾ ಬಹುಪಾಲು ನಿರುಪದ್ರವಿ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಅನಿಲ ಹೊರಹೋಗಿ ಪಿಎಚ್ ಏರುತ್ತದೆ. ಪಿಎಚ್ ಒಂದು ಅಂಕ ಏರಿದರೆ ವಿಷರೂಪದ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟು. ಬಕೆಟ್ ವಾಸಿ ಅಂದದ್ದು ಇದಕ್ಕೇ, ಏರ್‌ಪಂಪ್ ಆ ಅನಿಲವನ್ನು ಕೂಡಿಕೊಳ್ಳಲು ಬಿಡುವುದಿಲ್ಲ. ಅನಿಮೋನ್ ಹೊಸ ಜಾಗದಲ್ಲಿ ಮೊದಲೆರಡು ದಿನ ಅಲೆಯುತ್ತದೆ. ಪವರ್‌ಹೆಡ್ಡಿನ ಬಾಯಿಗೆ ಸ್ಪಂಜು ಕಟ್ಟದಿದ್ದರೆ ಬೆಳಗ್ಗೆ ಟ್ಯಾಂಕ್ ತುಂಬ ಅದರ ಚೂರು.

ಮೊದಲ ರಾತ್ರಿ ಲೈಟ್ ಬೇಡ, ಆಹಾರವೂ ಬೇಡ. ಮಾರನೇ ದಿನದಿಂದ ನಾಲ್ಕು ಗಂಟೆ ಬೆಳಕು, ದಿನಕ್ಕೊಂದು ಗಂಟೆ ಏರಿಸಿ. ಆಹಾರ ಒಂದು ವಾರ ಅರ್ಧ. ಕಾರ್ಬನ್ ಸಂಪಿನಲ್ಲಿ ಮೊದಲ ದಿನದಿಂದಲೇ. ಅಮೋನಿಯಾವನ್ನು ಹತ್ತು ದಿನ, ದಿನವೂ ಒಂದೇ ಹೊತ್ತಿಗೆ ನೋಡಿ. 0.25 ಪಿಪಿಎಂ ಕಂಡರೆ ಆಹಾರ ನಿಲ್ಲಿಸಿ ಎಚ್ಚರವಾಗಿರಿ. 0.5 ಮುಟ್ಟಿದರೆ ಆಪತ್ತಿಗೆಂದು ಇಟ್ಟ 50 ಲೀಟರ್ ಅದೇ ಗಳಿಗೆಯಲ್ಲಿ ಬದಲಿಸಿ, ಅಮೋನಿಯಾ ಕಟ್ಟಿಹಾಕುವ ದ್ರಾವಣವನ್ನೂ ಹಾಕಿ. ಆ ದ್ರಾವಣ ಹಾಕಿದ ಮೇಲೆ ಕೆಲವು ಕಿಟ್‌ಗಳು ಸುಳ್ಳು ಬಣ್ಣ ತೋರಿಸುತ್ತವೆ, ಆಗ ಬಣ್ಣಕ್ಕಿಂತ ಮೀನಿನ ಉಸಿರನ್ನು ನಂಬಿ. ನೈಟ್ರೈಟ್ ಸ್ವಲ್ಪ ಕಂಡರೆ ಗಾಬರಿ ಬೇಡ. ಸಿಹಿನೀರಿನ ಮೀನಿಗೆ ಅದು ಆಗುವಷ್ಟು ಅಪಾಯ ಉಪ್ಪುನೀರಿನಲ್ಲಿ ಆಗುವುದಿಲ್ಲ, ಸಮುದ್ರದ ನೀರಿನ ಕ್ಲೋರೈಡ್ ಅದನ್ನು ಕಿವಿರಿನೊಳಕ್ಕೆ ಹೋಗಲು ಬಿಡುವುದಿಲ್ಲ.

ಹೊಸ ಮರಳಿನ ಮೇಲೆ ಎರಡನೇ ಮೂರನೇ ವಾರ ಕಂದು ಪುಡಿಯಂಥ ಡಯಾಟಮ್ ಪಾಚಿ ಹರಡುತ್ತದೆ, ತಾನಾಗಿ ಹೋಗುತ್ತದೆ. ಕ್ಲೌನ್ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ಕಂಡು, ಮೈ ಕಲ್ಲಿಗೆ ಉಜ್ಜುತ್ತಿದ್ದರೆ ಅದು ಬೇರೆ ಕತೆ, ಸಮುದ್ರದ ಇಕ್ ರೋಗ. ಅದಕ್ಕೆ ತಾಮ್ರದ ಔಷಧಿ ಬೇಕು. ಆದರೆ ಆ ಔಷಧಿಯನ್ನು ಈ ಟ್ಯಾಂಕಿಗೆ ಹಾಕಿದರೆ ಸಿಗಡಿ, ಅನಿಮೋನ್ ಎರಡೂ ಉಳಿಯುವುದಿಲ್ಲ. ಮೀನನ್ನು ಹೊರತೆಗೆದು ಬೇರೆ ಟಬ್ಬಿನಲ್ಲೇ ಚಿಕಿತ್ಸೆ ಕೊಡಿ. ಕಲ್ಲು ತಂದ 60 ಲೀಟರಿನ ಟಬ್ ಅದಕ್ಕೆ ಸಾಕು, ಒಂದು ತಿಂಗಳು ಎಸೆಯದೆ ಇಟ್ಟುಕೊಳ್ಳಿ. ತಾಮ್ರ ತಾಗಿದ ಟಬ್ಬನ್ನು ಮಾತ್ರ ಮತ್ತೆ ರೀಫ್ ಕೆಲಸಕ್ಕೆ ಬಳಸಬೇಡಿ, ಬಟ್ಟೆ ನೆನೆಹಾಕಲು ಕೊಡಿ.